ಶಿಕ್ಷೆ ಆದವರ ಪಟ್ಟಿ ನಮಗ್ಯಾಕ ತೋರಸಂಗಿಲ್ಲ? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ: ಗದಗ-ಬೆಟಗೇರಿಯ ಒಬ್ಬ ತಾಯಿ

ಅಕ್ಕಾರ, ನಮಸ್ಕಾರ್ರೀ. ನನ್ನ ಮಗಳು ಮೂರನೇತ್ತಾ ಓದತಾಳ. ಜೂನದಾಗ ಅವರ ಶಾಲಿ ವ್ಯಾನಿಗೆ ಹೊಸಾ ಡ್ರೈವರ್ ಬಂದಾನ. ಅಂವಾ ಮೊದಲಿದ್ದ ಊರಾಗ ಹುಡಿಗಿ ವಿಷಯದಾಗ ಏನೋ ಕೇಸ್ ಆಗಿತ್ತಂತ ಓಣ್ಯಾಗ ಒಬ್ಬಾಕಿ ಅಂದ್ಲು. ಇನ್ನೊಬ್ಬಾಕಿ, ಅದು ಅವನಲ್ಲ, ಅವನ ಅಣ್ಣ ಅಂದ್ಲು. ಅವತ್ತಿನಿಂದ ಗಂಟಲಾಗ ತುತ್ತು ಇಳಿಯವಲ್ದು.

ನನ್ನ ತಮ್ಮ ಅಮೆರಿಕಾದಾಗ, ನ್ಯೂಜೆರ್ಸಿಯೊಳಗ ಇದ್ದಾನ. ಮನಿ ಬಾಡಿಗಿ ಹಿಡಿಯೂಕಿಂತ ಮುಂಚೆ ಸರ್ಕಾರದ ವೆಬ್‌ಸೈಟ್ ತಗದು, ಆ ಓಣ್ಯಾಗ ಅಂಥವ್ರು ಯಾರರ ಅದಾರೇನು ಅಂತ ನೋಡಿದ್ನಂತ. ಫೋಟೋ ಸಮೇತ ಬರ್ತೈತಂತ. ನಮ್ಮ ದೇಶದಾಗೂ ಲೈಂಗಿಕ ಅಪರಾಧದಾಗ ಶಿಕ್ಷೆ ಆದವರ ಪಟ್ಟಿ ಐತಿ, ಆದ್ರ ಪೊಲೀಸರಿಗಷ್ಟ ಅಂತ ಕೇಳೀನಿ. ಹಡದವರು ನಾವು, ನಮಗ್ಯಾಕ ತೋರಸಂಗಿಲ್ಲ?

ಉತ್ತರ: ವಕೀಲರು, ಧಾರವಾಡ

ತಂಗೀ, ದೇಶದ ವಿಚಾರ ಆಮೇಲೆ, ಮೊದಲು ವ್ಯಾನ್.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆಗೆ 2020ರಲ್ಲಿ ಬಂದ ನಿಯಮಗಳಲ್ಲಿ ಒಂದು ಮಾತಿದೆ. ಮಕ್ಕಳ ಒಡನಾಟ ಇರುವ ಯಾವುದೇ ಸಂಸ್ಥೆ, ಶಾಲೆಯಾಗಲಿ, ಕೂಸುಗಳನ್ನು ನೋಡಿಕೊಳ್ಳುವ ಮನೆಯಾಗಲಿ, ಆಟದ ಅಕಾಡೆಮಿಯಾಗಲಿ, ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಲೇಬೇಕು. ಒಂದು ಸಲ ಮಾಡಿಸಿ ಫೈಲಿಗೆ ಹಾಕಿದರೆ ಆಗಲಿಲ್ಲ, ಕಾಲಕಾಲಕ್ಕೆ ಮಾಡಿಸಬೇಕು. ಪಾಠ ಹೇಳುವವರಷ್ಟೇ ಅಲ್ಲ, ಗುತ್ತಿಗೆಯವರೂ ಅದರೊಳಗೆ ಬರುತ್ತಾರೆ. ನಾಳೆ ಶಾಲೆಗೆ ಹೋಗಿ 'ಈ ಡ್ರೈವರನ ಪೊಲೀಸ್ ಪರಿಶೀಲನೆ ಕಾಗದ ಐತೇನ್ರಿ' ಅಂತ ಒಂದೇ ಪ್ರಶ್ನೆ ಕೇಳಿರಿ. ಓಣಿಯ ಸುದ್ದಿ ಅಲ್ಲಿ ಎತ್ತಬೇಡಿರಿ. ಅದು ಅವನ ಅಣ್ಣನ ಕೇಸೇ ಆಗಿದ್ದರೆ, ಒಬ್ಬ ಬಡವನ ಅನ್ನಕ್ಕೆ ಕಲ್ಲು ಬೀಳುತ್ತದೆ.

ಇನ್ನು ಪಟ್ಟಿ. ನೀವು ಕೇಳಿದ್ದು ಖರೇನೇ. ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ಶುರು ಮಾಡಿತು. ಅದನ್ನು ನೋಡಿಕೊಳ್ಳುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಶುರುವಾದಾಗಲೇ ಅದರಲ್ಲಿ 4.4 ಲಕ್ಷ ದಾಖಲೆಗಳಿದ್ದವು: ಹೆಸರು, ವಿಳಾಸ, ಫೋಟೋ, ಬೆರಳಚ್ಚು. ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ ತೆರೆದು ನೋಡಬಹುದು. ನಿಮ್ಮ ತಮ್ಮ ನೋಡಿದ್ದರ ಹಿಂದಿರುವುದು ಮೇಗನ್ ಕಾನೂನು. 1994ರಲ್ಲಿ ಅದೇ ನ್ಯೂಜೆರ್ಸಿಯಲ್ಲಿ ಮೇಗನ್ ಎಂಬ ಏಳು ವರ್ಷದ ಹುಡುಗಿಯನ್ನು ಎದುರು ಮನೆಯವನೇ ಕೊಂದ. ಅವನಿಗೆ ಮೊದಲೇ ಎರಡು ಸಲ ಶಿಕ್ಷೆಯಾಗಿತ್ತು, ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಗೊತ್ತಿದ್ದರೆ ನನ್ನ ಮಗಳು ಉಳೀತಿದ್ದಳು' ಎಂಬ ಆ ತಾಯಿಯ ಮಾತಿಗೆ ಯಾವ ವಕೀಲರ ಹತ್ತಿರವೂ ಉತ್ತರವಿಲ್ಲ. 1996ರಲ್ಲಿ ಅದು ಇಡೀ ಅಮೆರಿಕಾಕ್ಕೆ ಕಾನೂನಾಯಿತು.

ಅಷ್ಟಾದರೂ ನಮ್ಮಲ್ಲಿ ಆ ಪಟ್ಟಿ ಎಲ್ಲರಿಗೂ ತೆರೆಯಬಾರದು ಅನ್ನುವವಳು ನಾನು. ಯಾಕೆ ಅಂತ ಒಂದು ಕೇಸಿನಿಂದ ಹೇಳುತ್ತೇನೆ. ಊರು, ವರ್ಷ ಹೇಳುವುದಿಲ್ಲ. ಹಾವೇರಿ ಕಡೆಯದು ಅಂದರೆ ಸಾಕು.

ಹುಡುಗಿಗೆ ಹನ್ನೊಂದು ವರ್ಷ. ತಪ್ಪು ಮಾಡಿದವನು ಅದೇ ಮನೆಯ ಚಿಕ್ಕಪ್ಪ. ಅವನಿಗೆ ಶಿಕ್ಷೆಯಾಯಿತು, ಆಗಬೇಕಾದದ್ದೇ. ಮರುದಿನ ಪೇಪರಿನಲ್ಲಿ ಸುದ್ದಿ ಬಂತು. ಹುಡುಗಿಯ ಹೆಸರು ಹಾಕಿರಲಿಲ್ಲ, ಅಷ್ಟು ಎಚ್ಚರ ಅವರಿಗೂ ಇತ್ತು. ಆದರೆ ಅವನ ಹೆಸರು, ಅಡ್ಡಹೆಸರು, ವಯಸ್ಸು, ಊರು ಎಲ್ಲಾ ಬಂದಿತ್ತು. ಆ ಊರಿನಲ್ಲಿ ಆ ಅಡ್ಡಹೆಸರಿನ ಮನೆ ಒಂದೇ, ಆ ಮನೆಯಲ್ಲಿ ಹೆಣ್ಣುಹುಡುಗಿ ಒಬ್ಬಳೇ. ವಾರದ ಸಂತೆಯೊಳಗೆ ಸುದ್ದಿ ಮುಗೀತು. ಹದಿನೈದು ದಿನ ಬಿಟ್ಟು ಅವಳ ಅಜ್ಜಿ ನನ್ನ ಚೇಂಬರಿಗೆ ಬಂದಳು. ರೊಟ್ಟಿ ಕಟ್ಟಿಕೊಂಡು ಬಂದ ಅರಿವೆಯ ಗಂಟಿನಲ್ಲಿ ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಮೇಜಿನ ಮೇಲೆ ಬಿಡಿಸಿ, 'ಬಾಯಾರ, ಇದರಾಗ ನಮ್ಮ ಹುಡಿಗಿ ಹೆಸರು ಎಲ್ಲೈತಿ? ಎಲ್ಲಾರಿಗೂ ಹೆಂಗ ಗೊತ್ತಾತು?' ಅಂತ ಬೆರಳಿಟ್ಟು ಹುಡುಕಿದಳು. ಆ ಹುಡುಗಿ ಆಗಲೇ ಶಾಲೆ ಬಿಟ್ಟಿದ್ದಳು.

ಕಾನೂನಿಗೆ ಇದು ಗೊತ್ತಿದೆ. ಪೋಕ್ಸೊ ಕಾಯ್ದೆಯ 33ನೇ ಕಲಮಿನಲ್ಲಿ ಮಗುವಿನ ಗುರುತು ಅಂದರೆ ಹೆಸರು ಮಾತ್ರ ಅಲ್ಲ. ಕುಟುಂಬ, ಶಾಲೆ, ಸಂಬಂಧಿಕರು, ನೆರೆಹೊರೆ ಕೂಡ ಗುರುತೇ ಎಂದು ಬರೆದಿದೆ. ನಮ್ಮಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ ಅಂತ ಬ್ಯೂರೋದ ವರದಿಗಳೇ ಹೇಳುತ್ತವೆ. ಮನೆಯವ, ಬೀಗ, ಪಕ್ಕದ ಮನೆಯ ಕಾಕಾ. ಬೇಲಿ ಎದ್ದು ಹೊಲ ಮೇಯ್ದ ಕೇಸುಗಳೇ ಬಹಳ. ಅಂಥವನ ಫೋಟೋ, ವಿಳಾಸ ಫೋನಿನಲ್ಲಿ ಹಾಕಿದರೆ, ಆ ಮನೆಯ ಮಗುವನ್ನೂ ಅದರ ಜೊತೆಗೇ ಹಾಕಿದಂತೆ. ಆ ಭಯಕ್ಕೆ ಎಷ್ಟು ತಾಯಂದಿರು ಕಂಪ್ಲೇಂಟ್ ಕೊಡದೆ ಬಾಯಿ ಮುಚ್ಚಿಕೊಂಡಾರು, ಯೋಚನೆ ಮಾಡಿರಿ.

ಪ್ರತಿಕ್ರಿಯೆ: ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ

ಮೇಡಂ, ಮೂವತ್ನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಇದ್ದವನು ನಾನು. ನಿಮ್ಮ ಮಾತು ಮನೆಯೊಳಗಿನ ಕಳ್ಳನಿಗೆ ಸರಿ. ಹೊರಗಿನವನಿಗೆ? ಒಂದೂರಲ್ಲಿ ತಪ್ಪು ಮಾಡಿ, ಶಿಕ್ಷೆ ಮುಗಿಸಿ, ಇನ್ನೊಂದೂರಿಗೆ ಬಂದು ಟ್ಯೂಷನ್ ಬೋರ್ಡು ಹಾಕಿಕೊಂಡು ಕೂತರೆ ಯಾರು ಹೇಳಬೇಕು? ರೌಡಿ ಶೀಟರುಗಳನ್ನು ಠಾಣೆ ಮುಂದೆ ಸಾಲಾಗಿ ನಿಲ್ಲಿಸಿ ಪೇಪರಿನಲ್ಲಿ ಫೋಟೋ ಹಾಕಿಸುತ್ತಾರೆ. ಮಕ್ಕಳ ಮೈ ಮುಟ್ಟಿದವನಿಗೆ ಮಾತ್ರ ಮುಚ್ಚುಮರೆ! ಕೋಪಿಸಿಕೊಳ್ಳಬೇಡಿ, ಇದು ಅಪರಾಧಿಯ ಪರ ವಾದದ ಹಾಗೆ ಕೇಳಿಸುತ್ತದೆ.

ಉತ್ತರ: ವಕೀಲರು

ಗುರುಗಳೇ, ಕೋಪ ಎಲ್ಲಿಯದು. ನೀವು ಹಿಡಿದದ್ದು ಸರಿಯಾದ ಜಾಗವನ್ನೇ. ಆ ಟ್ಯೂಷನ್ ಬೋರ್ಡಿನವನು ನನಗೂ ಚಿಂತೆ. ಆದರೆ ಪಟ್ಟಿ ತೆರೆದರೆ ಅವನು ನಿಲ್ಲುತ್ತಾನೋ ಇಲ್ಲವೋ ಅನ್ನುವುದನ್ನು ಅಮೆರಿಕಾದವರು ಅಳೆದು ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಪ್ರೆಸ್ಕಾಟ್ ಮತ್ತು ರಾಕಾಫ್ ಅವರ ಅಧ್ಯಯನದಲ್ಲಿ, ಹೆಸರು ಪೊಲೀಸರ ಹತ್ತಿರ ನೋಂದಣಿಯಾಗಿರುವುದರಿಂದ ಪರಿಚಯದವರ ಮೇಲಿನ ಅಪರಾಧ ಕಡಿಮೆಯಾದದ್ದು ಕಂಡಿತು. ಅದೇ ಹೆಸರನ್ನು ಜಗತ್ತಿಗೆಲ್ಲ ತೋರಿಸಿದಾಗ, ಪಟ್ಟಿಯಲ್ಲಿದ್ದವರೇ ಮತ್ತೆ ತಪ್ಪು ಮಾಡುವುದು ಹೆಚ್ಚಾದ ಲಕ್ಷಣ ಕಂಡಿತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಬಾಡಿಗೆಗೆ ಮನೆ ಇಲ್ಲ, ಕೆಲಸ ಇಲ್ಲ, ಮಾತಾಡಿಸುವವರಿಲ್ಲ. ಕಳೆದುಕೊಳ್ಳಲು ಏನೂ ಉಳಿಯದವನು ಯಾವುದಕ್ಕೆ ಹೆದರುತ್ತಾನೆ? ಇನ್ನೊಂದು ವಿಷಯ: ಅಮೆರಿಕಾದಲ್ಲಿ ಈ ನೋಂದಣಿಯನ್ನು ಎಲ್ಲ ರಾಜ್ಯಗಳಿಗೂ ತಂದದ್ದು 1994ರ ಕಾನೂನು. ಅದಕ್ಕಿಟ್ಟದ್ದು 1989ರಲ್ಲಿ ಅಪಹರಣವಾದ ಹನ್ನೊಂದು ವರ್ಷದ ಹುಡುಗ ಜೇಕಬ್ ವೆಟರ್ಲಿಂಗ್‌ನ ಹೆಸರು. ಅದಕ್ಕಾಗಿ ಹೋರಾಡಿದ ಅವನ ತಾಯಿಯೇ ಮುಂದೆ, ಈ ಪಟ್ಟಿಗಳು ಅಳತೆ ಮೀರಿ ಬೆಳೆದಿವೆ, ಚಿಕ್ಕ ವಯಸ್ಸಿನವರನ್ನೂ ನುಂಗುತ್ತಿವೆ ಎಂದು ಮಾತಾಡತೊಡಗಿದರು.

ನಮ್ಮ ಜನರ ಕೈಗೆ ಪಟ್ಟಿ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕಾಕ್ಕೆ ಹೋಗುವುದೇ ಬೇಡ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ 'ಮಕ್ಕಳ ಕಳ್ಳರು' ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿಸಿ, ಹೈದರಾಬಾದಿನ ಯುವ ಎಂಜಿನಿಯರನನ್ನು ಹೊಡೆದು ಕೊಂದರು. ಅಲ್ಲಿ ಯಾವ ಪಟ್ಟಿಯೂ ಇರಲಿಲ್ಲ, ಬರೀ ಫಾರ್ವರ್ಡ್ ಮೆಸೇಜ್. ಸರ್ಕಾರದ ಮುದ್ರೆ ಇರುವ ಫೋಟೋ ಸಿಕ್ಕರೆ? ಒಂದೇ ಹೆಸರು, ಒಂದೇ ಅಪ್ಪನ ಹೆಸರು ಇರುವವರು ನಮ್ಮ ಒಂದೊಂದು ತಾಲೂಕಿನಲ್ಲೂ ಹತ್ತು ಮಂದಿ ಸಿಗುತ್ತಾರೆ. ಈ ತಂಗಿಯ ಓಣಿಯಲ್ಲೇ ತಮ್ಮ ಯಾರು, ಅಣ್ಣ ಯಾರು ಅಂತ ಇನ್ನೂ ತೀರ್ಮಾನವಾಗಿಲ್ಲ.

ರೌಡಿ ಶೀಟರ್ ಪರೇಡಿನ ಮಾತು ತೆಗೆದಿರಿ, ಅದಕ್ಕೂ ಹಿಂದಿನದು ನನಗೆ ನೆನಪಾಯಿತು. ಹುಬ್ಬಳ್ಳಿಯ ಸೆಟ್ಲಮೆಂಟ್ ನೀವು ನೋಡಿದವರೇ. ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿ, ಅಲ್ಲಿ ತಂದಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಕಾನೂನು 1952ರಲ್ಲಿ ಹೋಯಿತು. ಆದರೂ ಆ ಹೆಸರಿನ ವಿಳಾಸ ಕೇಳಿ ಕೆಲಸ ಕೊಡಲು ಹಿಂಜರಿದವರನ್ನು ನಾನೇ ಬಲ್ಲೆ. ಎರಡೂ ಒಂದೇ ಅನ್ನುತ್ತಿಲ್ಲ. ಅವರು ಏನೂ ಮಾಡದವರು, ಇವರು ಮಾಡಿ ಸಿಕ್ಕವರು. ಆದರೆ ವಿಳಾಸಕ್ಕೆ ಒಮ್ಮೆ ಮಸಿ ಮೆತ್ತಿದರೆ ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲ ಅನ್ನುವುದಕ್ಕೆ ಸಾಕ್ಷಿಯಂತೂ ನಮ್ಮೂರಿನಲ್ಲೇ ಇದೆ. ಅಪರಾಧಿಗೂ ಹೆಂಡತಿ, ಮಕ್ಕಳಿರುತ್ತಾರೆ.

ಹಾಗಾದರೆ ಟ್ಯೂಷನ್ನಿನವನು? ಇಂಗ್ಲೆಂಡಿನವರ ದಾರಿ ನನಗೆ ಹಿಡಿಸಿದೆ. 2000ದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳ ಕೊಲೆಯಾದ ಮೇಲೆ ಅಲ್ಲೂ ಪಟ್ಟಿ ತೆರೆಯಿರಿ ಅಂತ ದೊಡ್ಡ ಗದ್ದಲವಾಯಿತು. ಆ ಆವೇಶದಲ್ಲಿ ವೇಲ್ಸ್‌ನಲ್ಲಿ ಮಕ್ಕಳ ವೈದ್ಯೆಯೊಬ್ಬರ ಮನೆ ಬಾಗಿಲಿಗೆ ಬೈಗುಳ ಬರೆದರು, ಮಕ್ಕಳ ಡಾಕ್ಟರಿಗೆ ಇಂಗ್ಲಿಷಿನಲ್ಲಿರುವ 'ಪೀಡಿಯಾಟ್ರಿಶಿಯನ್' ಪದ, ಮಕ್ಕಳ ಕಾಮುಕನಿಗಿರುವ 'ಪೀಡೊಫೈಲ್' ಅಂತ ಕೇಳಿಸಿತ್ತು ಅಷ್ಟೇ! ಕೊನೆಗೆ ಪಟ್ಟಿ ತೆರೆಯಲಿಲ್ಲ. 'ನನ್ನ ಮಗುವಿನ ಹತ್ತಿರ ಬರುವ ಈ ಮನುಷ್ಯನ ಮೇಲೆ ಏನಾದರೂ ಇದೆಯೇ' ಎಂದು ಪಾಲಕರು ಪೊಲೀಸರನ್ನು ಕೇಳಬಹುದು ಎಂದು ಮಾಡಿದರು. ಅಪಾಯವಿದ್ದರೆ ಆ ಪಾಲಕರಿಗಷ್ಟೇ ಹೇಳುತ್ತಾರೆ, ಅವರು ಅದನ್ನು ಊರಿಗೆ ಹಂಚುವ ಹಾಗಿಲ್ಲ. 2011ರಿಂದ ಇಂಗ್ಲೆಂಡ್, ವೇಲ್ಸ್ ತುಂಬ ಅದು ನಡೆದಿದೆ. ನಮ್ಮಲ್ಲಿ ಅಂಥದ್ದು ತನ್ನಿರಿ ಅಂತ ಸಹಿ ಮಾಡಿಸಲು ಬಂದರೆ, ಮೊದಲ ಸಹಿ ನನ್ನದು, ಎರಡನೆಯದು ನಿಮ್ಮದು.

ಪ್ರಶ್ನೆ: ಹಾವೇರಿಯ ಒಬ್ಬ ಯುವಕ

ಮೇಡಂ, ನನ್ನ ದೋಸ್ತ ಒಬ್ಬಾಂವ ಲವ್ ಮಾಡಿ ಓಡಿ ಹೋಗಿ ಮದ್ವಿ ಆದ. ಆಗ ಹುಡಿಗಿಗೆ ಹದಿನೇಳು. ಪೋಕ್ಸೊ ಕೇಸ್ ಆಗೇತ್ರಿ. ಈಗ ಇಬ್ರೂ ಕೂಡೇ ಅದಾರ, ಕೂಸೂ ಐತಿ. ಅವನ ಹೆಸರೂ ಆ ಪಟ್ಟಿಗೆ ಹೋಗ್ತೈತೇನ್ರಿ?

ಉತ್ತರ: ವಕೀಲರು

ತಮ್ಮಾ, ಕೇಸ್ ಇದ್ದಷ್ಟಕ್ಕೇ ಅವನು ಅಪರಾಧಿ ಅಲ್ಲ. ಶಿಕ್ಷೆಯಾದರೆ ಮಾತು ಬೇರೆ. ಹದಿನೆಂಟರ ಕೆಳಗೆ ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಇಂಥ ಕೇಸುಗಳನ್ನು ನೋಡಿ ನೋಡಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರ ನವೆಂಬರಿನಲ್ಲಿ, ಹದಿನಾರು ದಾಟಿದ ಹುಡುಗಿಯರ ಪ್ರೇಮ ಪ್ರಕರಣಗಳನ್ನು ಗಮನಿಸಿ ವಯಸ್ಸಿನ ಮಿತಿಯ ಬಗ್ಗೆ ಮರುಯೋಚನೆ ಮಾಡಬೇಕು ಎಂದು ಕಾನೂನು ಆಯೋಗದ ಕಡೆ ಬೆರಳು ಮಾಡಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಶಿಕ್ಷೆ ಕೊಡುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಪಟ್ಟಿ ತೆರೆದರೆ ನಿನ್ನ ದೋಸ್ತನಂಥವರ ಫೋಟೋವೂ, ಐದು ವರ್ಷದ ಕೂಸನ್ನು ಕೆಡಿಸಿದವನ ಫೋಟೋವೂ ಅಕ್ಕಪಕ್ಕ ಬರುತ್ತವೆ, ನೋಡುವವನಿಗೆ ಎರಡೂ ಒಂದೇ. ಅಮೆರಿಕಾದ ಮೇನ್ ರಾಜ್ಯದಲ್ಲಿ 2006ರಲ್ಲಿ ಹೀಗೇ ಪಟ್ಟಿಯಲ್ಲಿ ವಿಳಾಸ ನೋಡಿ ಇಬ್ಬರನ್ನು ಒಬ್ಬಾತ ಗುಂಡಿಟ್ಟು ಕೊಂದ. ಸತ್ತವರಲ್ಲೊಬ್ಬ, ಹತ್ತೊಂಬತ್ತರ ವಯಸ್ಸಿನಲ್ಲಿ ಇನ್ನೂ ಹದಿನಾರು ತುಂಬದ ತನ್ನ ಗೆಳತಿಯ ಜೊತೆ ಇದ್ದದ್ದಕ್ಕೆ ಶಿಕ್ಷೆಯಾದವನು. ಕೇಸಿನ ಕಾಗದ ತಗೊಂಡು ಒಳ್ಳೆಯ ವಕೀಲರನ್ನು ನೋಡಲು ಹೇಳು. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ.

ಪ್ರಶ್ನೆ: ಗದಗ-ಬೆಟಗೇರಿಯ ತಾಯಿ, ಮತ್ತೆ

ಅಕ್ಕಾರ, ನಿನ್ನೆ ಶಾಲಿಗೆ ಹೋಗಿದ್ದೆ. ಕ್ಲಾರ್ಕ ಫೈಲ್ ತಗದ. ಡ್ರೈವರನ ಲೈಸೆನ್ಸಿನ ಝೆರಾಕ್ಸ್, ಆಧಾರ ಝೆರಾಕ್ಸ್ ಎರಡ ಇದ್ವು. ಪೊಲೀಸ್ ಕಾಗದ ಕೇಳಿದ್ರ, 'ವ್ಯಾನು ಶಾಲಿದಲ್ರಿ, ಪಾಲಕರು ಗೊತ್ತು ಮಾಡಿದ್ದು' ಅಂದ. ಫೀ ಮಾತ್ರ ಶಾಲಿ ಪಾವತಿ ಮ್ಯಾಲ ತಗೊಂಡಾರ್ರೀ!

ಉತ್ತರ: ವಕೀಲರು

ಆ ಪಾವತಿ ಜೋಪಾನ ಮಾಡಿ ಇಡಿರಿ, ಫೋಟೋನೂ ಹೊಡೆದುಕೊಳ್ಳಿರಿ. ಶಾಲೆ ದುಡ್ಡು ತೆಗೆದುಕೊಂಡಿದೆ ಅಂದ ಮೇಲೆ ವ್ಯಾನ್ ನಮ್ಮದಲ್ಲ ಅಂತ ಜಾರಿಕೊಳ್ಳುವುದು ಸುಲಭವಲ್ಲ. ವ್ಯಾನಿನಲ್ಲಿ ಹೋಗುವ ಮಕ್ಕಳ ಪಾಲಕರು ಎಲ್ಲರೂ ಸೇರಿ, ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ: ಎಲ್ಲ ಡ್ರೈವರ್, ಕ್ಲೀನರುಗಳ ಪೊಲೀಸ್ ಪರಿಶೀಲನೆ ಮಾಡಿಸಬೇಕು ಎಂದು. 'ಎಲ್ಲ' ಅನ್ನುವ ಪದ ಮರೆಯಬೇಡಿರಿ, ಒಬ್ಬನ ಹೆಸರು ಬರೆಯಬೇಡಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಹಾಕಿಸಿ ಸ್ವೀಕೃತಿ ಸಹಿ ತಗೊಳ್ಳಿರಿ. ಇಷ್ಟರಲ್ಲಿ ಆ ಡ್ರೈವರನೇ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಪರಿಶೀಲನಾ ಪತ್ರ ತರಬಹುದು. ನಿರಪರಾಧಿ ಇದ್ದರೆ ಅವನಿಗೂ ಅದು ಬೇಕು. ಹಿಂದೆ ಇದ್ದ ಊರಿನ ವಿಳಾಸವನ್ನೂ ಅದರಲ್ಲಿ ಬರೆಯಲು ಹೇಳಿರಿ, ಬರೀ ಈಗಿನ ಬಾಡಿಗೆ ಮನೆಯದು ಬರೆದರೆ ಹಿಂದಿನದು ಸಿಗದೇ ಹೋದೀತು.

ಅಲ್ಲಿಯವರೆಗೆ ಎರಡು ದಿನ ಮಗಳನ್ನು ನೀವೇ ಟಂಟಂನಲ್ಲಿ ಬಿಟ್ಟು ಬರ್ರಿ. ರಾತ್ರಿ ಊಟ ಮಾಡುವಾಗ, ವ್ಯಾನಿನಲ್ಲಿ ಯಾರ ಪಕ್ಕ ಕೂಡುತ್ತಾಳೆ, ಕೊನೆಗೆ ಇಳಿಯುವವರು ಯಾರು ಅಂತ ಮಾತಿಗೆ ಮಾತು ಬಂದ ಹಾಗೆ ಕೇಳಿರಿ. ಏನಾದರೂ ಹೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಿರಿ, ರಾತ್ರಿಯಾದರೂ ಸರಿ. ಆಮೇಲೆ ನನಗೆ.