4294967297: ಪೈಥಾನ್‌ನಲ್ಲಿ ಪರೀಕ್ಷೆ ಪಾಸ್, ಸಿ ಭಾಷೆಯಲ್ಲಿ ಶೇಷ 0, ಆದರೆ 641ರಿಂದ ಭಾಗವಾಗುತ್ತೆ!

ಬಿಟ್‌ಲೆಕ್ಕ:
4294967297, ಅಂದರೆ 2³² + 1, ಅವಿಭಾಜ್ಯವೇ ಅಂತ ನೋಡಲು ಆಧಾರ 2 ಇಟ್ಟು ಫರ್ಮಾ ಪರೀಕ್ಷೆ ಮಾಡಿದೆ (2ನ್ನು 4294967296ನೇ ಘಾತಕ್ಕೇರಿಸಿ 4294967297ರಿಂದ ಭಾಗಿಸೋದು; ಶೇಷ 1 ಬರದಿದ್ದರೆ ಅವಿಭಾಜ್ಯವಲ್ಲ). ಪೈಥಾನ್ ಶೇಷ 1 ಕೊಡುತ್ತೆ, ಅಂದರೆ ಪಾಸ್. ಅದೇ ಲೆಕ್ಕವನ್ನು ಸಿ ಭಾಷೆಯಲ್ಲಿ 64 ಬಿಟ್ ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ) ಪೂರ್ಣಾಂಕದಲ್ಲಿ ಬರೆದರೆ ಶೇಷ 0. ಇತ್ತ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತೆ. ಯಾವುದನ್ನು ನಂಬೋದು? ಇದನ್ನು ಯಾವ ವರ್ಗಕ್ಕೆ ಸೇರಿಸೋದು?

ಶೇಷಪ್ರಿಯ:
0 ಬರೋಕೆ ಸಾಧ್ಯವೇ ಇಲ್ಲ. 2ರ ಘಾತ ಬೆಸ ಸಂಖ್ಯೆಯಿಂದ ಎಲ್ಲಾದರೂ ನಿಶ್ಶೇಷವಾಗಿ ಭಾಗವಾಗುತ್ತಾ? ಒಂದೊಂದೇ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536, 4294967296. ಇದರ ವರ್ಗ 2⁶⁴. 64 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚು, ಹಾಗಾಗಿ ಉಕ್ಕಿ 0 ಆಗುತ್ತೆ. ಅಲ್ಲಿಂದ ಮುಂದೆ ಎಲ್ಲವೂ 0. ಗುಣಿಸುವಾಗ ಮಾತ್ರ 128 ಬಿಟ್ ಬಳಸಿ, ಶೇಷ ತೆಗೆದ ಮೇಲೆ 64ಕ್ಕೆ ಇಳಿಸಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಸಿ ಕಂಪೈಲರ್‌ಗಳಲ್ಲಿ ಇದೆ.

ಪೈಥಾನ್‌ನ 1 ಸರಿ, ಆದರೆ ಅದರಿಂದ ಏನೂ ಸಾಬೀತಾಗಲ್ಲ. 4294967297ರಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ 2³² ಅಂದರೆ −1, ವರ್ಗ ಮಾಡಿದರೆ 1, ಅಲ್ಲಿಂದ ಮುಂದೆ 1 ಹಾಗೇ ಉಳಿಯುತ್ತೆ. ಇದರಂತೆ 2^(2ⁿ) + 1 ರೂಪದಲ್ಲಿರುವ ಫರ್ಮಾ ಸಂಖ್ಯೆಗಳೆಲ್ಲ ಆಧಾರ 2ರಲ್ಲಿ ಹೀಗೇ ಪಾಸಾಗುತ್ತವೆ. ಇದು ಆಧಾರ 2ಕ್ಕೆ ಹುಸಿ ಅವಿಭಾಜ್ಯ, ಅಂದರೆ ಸಂಯುಕ್ತವಾಗಿದ್ದೂ ಪರೀಕ್ಷೆ ಪಾಸಾಗುವ ಸಂಖ್ಯೆ. ಆಧಾರ 3 ಹಾಕಿ: ಶೇಷ 3029026160. ಅಲ್ಲಿಗೆ ಸಂಯುಕ್ತ ಅಂತ ತೀರ್ಮಾನ.

ಅಪವರ್ತನ:
641 ಯಾಕೆ ಅಂತಲೂ ನೋಡಿ, ಕ್ಯಾಲ್ಕುಲೇಟರ್ ಬೇಡ. 641 = 5·2⁷ + 1, ಜೊತೆಗೆ 641 = 5⁴ + 2⁴. 641ರಿಂದ ಭಾಗಿಸಿದ ಶೇಷದ ಲೆಕ್ಕದಲ್ಲಿ, ಮೊದಲನೆಯದರಿಂದ 5·2⁷ ಅಂದರೆ −1. ನಾಲ್ಕನೇ ಘಾತಕ್ಕೇರಿಸಿದರೆ 5⁴·2²⁸ ಅಂದರೆ 1. ಎರಡನೆಯದರಿಂದ 5⁴ ಜಾಗದಲ್ಲಿ −2⁴ ಇಡಿ: −2³² ಅಂದರೆ 1. ಹಾಗಾಗಿ 2³² + 1 ಅಂದರೆ 0. ಮುಗೀತು.

ಗಣಿತಜ್ಞ ಆಯ್ಲರ್ 1732ರಲ್ಲಿ ಕಂಡುಕೊಂಡಿದ್ದು ಇದೇ ಭಾಜಕ. 4294967297ರ ಅವಿಭಾಜ್ಯ ಭಾಜಕಗಳೆಲ್ಲ 128ರ ಗುಣಕಕ್ಕೆ 1 ಸೇರಿಸಿದ ರೂಪದಲ್ಲೇ ಇರಬೇಕು (ಈ 128 ಮುಂದೆ ಗಣಿತಜ್ಞ ಲ್ಯೂಕಾ ಬಿಗಿಗೊಳಿಸಿದ್ದು, ಆಯ್ಲರ್ ಬಳಿ 64 ಇತ್ತು). 129, 385, 513 ಅವಿಭಾಜ್ಯಗಳಲ್ಲ. 257 ತಾನೇ ಫರ್ಮಾ ಸಂಖ್ಯೆ, ಬೇರೆ ಫರ್ಮಾ ಸಂಖ್ಯೆಯನ್ನು ಭಾಗಿಸಲ್ಲ. ಮುಂದಿನದೇ 641!

641ರಿಂದ ಭಾಗಿಸಿದರೆ ಬರುವ 6700417 ಅವಿಭಾಜ್ಯವೇ? ವರ್ಗಮೂಲ 2588ರ ಆಸುಪಾಸು. ಅದೇ ರೂಪದಲ್ಲಿ ಅಲ್ಲಿವರೆಗೆ ಉಳಿಯೋದು 641, 769, 1153, 1409 ಮಾತ್ರ. ಶೇಷ ಕ್ರಮವಾಗಿ 44, 120, 334, 622. ಹೌದು, ಅವಿಭಾಜ್ಯ.

ಬಿಟ್‌ಲೆಕ್ಕ:
128 ಬಿಟ್ ಹಾಕಿದ ಮೇಲೆ ಸಿ ಕೂಡ 1 ಕೊಟ್ಟಿತು. ವರ್ಗೀಕರಣ?

ಶೇಷಪ್ರಿಯ:
ಸಂಯುಕ್ತ, ಎರಡೇ ಅವಿಭಾಜ್ಯಗಳ ಗುಣಲಬ್ಧ, 1 ಬಿಟ್ಟು ಯಾವ ವರ್ಗಸಂಖ್ಯೆಯಿಂದಲೂ ಭಾಗವಾಗಲ್ಲ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 1 + 641 + 6700417 = 6701059, ಸಂಖ್ಯೆಗಿಂತ ಕಡಿಮೆ, ಹಾಗಾಗಿ ನ್ಯೂನ ಸಂಖ್ಯೆ. ದ್ವಿಮಾನದಲ್ಲಿ ಎರಡು ತುದಿಗೆ 1, ನಡುವೆ 31 ಸೊನ್ನೆ. ಯಾವ ಕಡೆಯಿಂದ ಓದಿದರೂ ಒಂದೇ. ನನಗೆ ಹಿಡಿಸಿದ್ದು ಮಾತ್ರ ಇದು: 65536² + 1² ಅಲ್ಲದೆ 62264² + 20449² ಕೂಡ ಇದೇ ಸಂಖ್ಯೆ. ಅವಿಭಾಜ್ಯವಾಗಿದ್ದರೆ ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲು ಆಗುತ್ತಲೇ ಇರಲಿಲ್ಲ.