ಡೆತ್ ವ್ಯಾಲಿಯ ಓಡುವ ಕಲ್ಲು ನೋಡೋಕೆ ಹೊರಟಿದ್ದೀವಿ, ಗೊತ್ತಿರೋರು ಹೇಳಿ

ತುಂಗಾತೀರ: ಡಿಸೆಂಬರ್ ಕೊನೆಗೆ ಊರಿಂದ ಅಪ್ಪ-ಅಮ್ಮ ಸ್ಯಾನ್ ಹೋಸೆಗೆ ಬರ್ತಿದ್ದಾರೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿನ ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನೋ ಒಣಗಿದ ಕೆರೆಯ ಬಯಲಲ್ಲಿ ತಾವಾಗೇ ಚಲಿಸೋ ಕಲ್ಲುಗಳನ್ನ ತೋರಿಸಬೇಕು. ಚಲಿಸೋದು ಕಣ್ಣಿಗೆ ಕಾಣುತ್ತಾ? ಬಾಡಿಗೆ ಎಸ್‌ಯುವಿ ಸಾಕಾ? ಅಪ್ಪ ಅದು ಅಯಸ್ಕಾಂತದ ಶಕ್ತಿ ಅಂತ ಕೂತಿದ್ದಾರೆ. ಎಂಟು ವರ್ಷದ ಮಗಳಿಗೂ ಅರ್ಥ ಆಗೋ ಹಾಗೆ ಹೇಳೋದು ಹೇಗೆ?

ಬಿಸಿಲ್ಗುದುರೆ: ಮೊದಲು ಅಪ್ಪನವರಿಗೆ. ಅಲ್ಲಿನ ಕಲ್ಲುಗಳಲ್ಲಿ ಹೆಚ್ಚಿನವು ಡಾಲಮೈಟ್ ಎಂಬ ಸುಣ್ಣಕಲ್ಲಿನಂಥ ಕಲ್ಲು, ಅಯಸ್ಕಾಂತಕ್ಕೆ ಅಂಟುವ ಜಾತಿಯಲ್ಲ. ಗುಟ್ಟು ಒಡೆದದ್ದು 2013ರ ಡಿಸೆಂಬರ್‌ನಲ್ಲಿ. ಸಂಶೋಧಕರಾದ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಜಿಪಿಎಸ್ ಕೂರಿಸಿದ 15 ಕಲ್ಲುಗಳನ್ನು ಅಲ್ಲಿ ಇಟ್ಟಿದ್ದರು. ಪಾರ್ಕಿನವರು ಅಲ್ಲಿಯ ಕಲ್ಲು ಮುಟ್ಟಲು ಬಿಡದ ಕಾರಣ ಅವನ್ನು ಹೊರಗಿನಿಂದಲೇ ತಂದಿದ್ದರು. ಆ ಸಲ ಬಯಲಿನ ದಕ್ಷಿಣ ಭಾಗದಲ್ಲಿ ಸುಮಾರು 7 ಸೆಂಟಿಮೀಟರ್ ನೀರು ನಿಂತಿತ್ತು. ರಾತ್ರಿ ಅದರ ಮೇಲೆ 3ರಿಂದ 6 ಮಿಲಿಮೀಟರ್ ದಪ್ಪದ ಐಸ್ ಕಟ್ಟಿತು. ಬಿಸಿಲೇರಿದಾಗ ಐಸ್ ಹತ್ತಾರು ಮೀಟರ್ ಅಗಲದ ಹಾಳೆಗಳಾಗಿ ಒಡೆಯಿತು. ಸೆಕೆಂಡಿಗೆ 4–5 ಮೀಟರ್ ವೇಗದ ಸಾಧಾರಣ ಗಾಳಿ ಆ ಹಾಳೆಗಳನ್ನು ತಳ್ಳಿತು, ಹಾಳೆಗಳು ಕಲ್ಲನ್ನು ತಳ್ಳಿದವು. ಕೆಳಗೆ ನೆನೆದ ಕೆಸರು, ಹಿಡಿತವೇ ಇಲ್ಲ. ಒಂದೇ ಹಾಳೆ ಹಲವು ಕಲ್ಲುಗಳನ್ನು ತಳ್ಳುವುದರಿಂದಲೇ ಕಲ್ಲುಗಳು ಕೆಸರಲ್ಲಿ ಬಿಟ್ಟುಹೋದ ಅಕ್ಕಪಕ್ಕದ ಜಾಡುಗಳು ಒಟ್ಟೊಟ್ಟಿಗೆ ತಿರುಗಿರುತ್ತವೆ.

ವೇಗ ನಿಮಿಷಕ್ಕೆ 2ರಿಂದ 5 ಮೀಟರ್ ಅಷ್ಟೇ. ಸುತ್ತಲಿನ ಐಸೂ ಜೊತೆಗೇ ಸರಿಯುವುದರಿಂದ ದಡದಲ್ಲಿ ನಿಂತವರಿಗೆ ಕಲ್ಲು ಹೊರಟದ್ದೇ ತಿಳಿಯದೆ ಹೋಗಬಹುದು. ನೀರು, ಚಳಿ, ಬಿಸಿಲು, ಗಾಳಿ ನಾಲ್ಕೂ ಕೂಡಿಬರುವುದು ಬಲು ಅಪರೂಪ. ನೀವು ನೋಡಲು ಹೋಗುತ್ತಿರುವುದು ಜಾಡನ್ನು ಎಂದುಕೊಳ್ಳಿ.

ಸ್ಟೆಪ್ನಿ ಶಾಸ್ತ್ರಿ: ರಸ್ತೆ ವಿಷಯ. ಯುಬಿಹೀಬಿ ಕ್ರೇಟರ್ ಅನ್ನೋ ಜ್ವಾಲಾಮುಖಿ ಕುಳಿ ಹತ್ರ ಟಾರು ಮುಗಿಯುತ್ತೆ. ಅಲ್ಲಿಂದ ಸುಮಾರು 43 ಕಿಲೋಮೀಟರ್ ಅಲೆಅಲೆಯಾಗಿ ಎದ್ದಿರೋ ಜಲ್ಲಿ ರಸ್ತೆ, ಒಂದು ಕಡೆಗೇ ಎರಡು ಗಂಟೆ ಇಟ್ಕೊಳ್ಳಿ. ದಾರೀಲಿ ಟೀಕೆಟಲ್ ಜಂಕ್ಷನ್ ಅಂತ ಕೆಟಲ್‌ಗಳನ್ನ ನೇತುಹಾಕಿರೋ ಬೋರ್ಡ್ ಬರುತ್ತೆ, ಅಲ್ಲಿಂದ ಇನ್ನು ಹತ್ತು ಕಿಲೋಮೀಟರ್.

ಕಾಟ ಕೊಡೋದು ಎಂಜಿನ್ ಅಲ್ಲ, ಟೈರ್. ಚೂಪು ಕಲ್ಲು ಟೈರಿನ ಪಕ್ಕದ ಗೋಡೆ ಸೀಳಿದ್ರೆ ಪಂಕ್ಚರ್ ಕಿಟ್ ಉಪಯೋಗಕ್ಕೆ ಬರಲ್ಲ. ಫುಲ್ ಸೈಜ್ ಸ್ಟೆಪ್ನಿ ಬೇಕು. ಡಿಕ್ಕಿಯಲ್ಲಿರೋ ಸಣ್ಣ ಸ್ಟೆಪ್ನಿ ಆ ರಸ್ತೇಲಿ ಬಾಳಲ್ಲ. ಜಾಕ್, ವೀಲ್ ಪಾನಾ ಮನೇಲೇ ತೆಗೆದು ನಟ್ ಬಿಚ್ಚಿ ನೋಡಿ. ಜಾಕ್ ಕೆಳಗಿಡೋಕೆ ಒಂದು ಹಲಗೆ ಇರಲಿ. ಟೈರಿನ ಗಾಳಿ 35 ಪಿಎಸ್‌ಐ ಇದ್ರೆ 26–28ಕ್ಕೆ ಇಳಿಸಿ, ಕುಲುಕಾಟ ಕಮ್ಮಿ ಆಗುತ್ತೆ. ಆದ್ರೆ ಆಮೇಲೆ ಸ್ಪೀಡ್ ಹೊಡೀಬೇಡಿ. ಟಾರಿಗೆ ಬಂದ ಕೂಡ್ಲೇ ತುಂಬಿಸೋಕೆ 12 ವೋಲ್ಟ್ ಪಂಪ್ ಬೇಕು. ಮಾಮೂಲಿ ಬಾಡಿಗೆ ಕರಾರಿನಲ್ಲಿ ಕಚ್ಚಾ ರಸ್ತೆ ನಿಷೇಧ ಅಂತ ಇರುತ್ತೆ, ಓದಿ. ಪಾರ್ಕಿನೊಳಗಿನ ಫರ್ನೇಸ್ ಕ್ರೀಕ್ ಅನ್ನೋ ಊರಲ್ಲಿ ದಪ್ಪ ಟೈರಿನ ಜೀಪ್ ಬಾಡಿಗೆಗೆ ಸಿಗುತ್ತಾ ಮೊದಲೇ ಫೋನ್ ಮಾಡಿ ಕೇಳಿ. ಮೊಬೈಲ್ ಸಿಗ್ನಲ್ ಇಲ್ಲ. ತಲೆಗೆ 4 ಲೀಟರ್ ನೀರು, ಟ್ಯಾಂಕ್ ಫುಲ್. ಅಪ್ಪ-ಅಮ್ಮನಿಗೆ ಬೆನ್ನುನೋವಿದ್ರೆ ನಾನಂತೂ ಕರ್ಕೊಂಡು ಹೋಗಿ ಅನ್ನಲ್ಲ.

ಒಣಕೆರೆ: ಉತ್ತರದಲ್ಲಿ ಗ್ರ್ಯಾಂಡ್‌ಸ್ಟ್ಯಾಂಡ್ ಅನ್ನೋ ಕಪ್ಪು ಬಂಡೆಗುಡ್ಡ ಕಂಡ ತಕ್ಷಣ ಇಳಿದು ಕಲ್ಲು ಹುಡುಕಬೇಡಿ. ಇನ್ನೂ 3 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಗಾಡಿ ನಿಲ್ಲಿಸಿ, ಆಗ್ನೇಯ ಮೂಲೆಯ ಕಡೆ ಒಂದು ಕಿಲೋಮೀಟರ್‌ನಷ್ಟು ನಡೆಯಿರಿ. ಜಾಡಿನ ಆಳ ಸಾಮಾನ್ಯವಾಗಿ 2.5 ಸೆಂಟಿಮೀಟರಿಗಿಂತ ಕಮ್ಮಿ, ನೆತ್ತಿ ಮೇಲೆ ಬಿಸಿಲಿದ್ದರೆ ಫೋಟೋದಲ್ಲಿ ಮಾಯ. ಬೆಳಗಿನ ಓರೆ ಬಿಸಿಲಲ್ಲಿ ಮೊಣಕಾಲೂರಿ ನೋಡಿ: ಎರಡೂ ಅಂಚಲ್ಲಿ ಸಣ್ಣ ಬದು, ಕಲ್ಲಿನ ಮುಂದೆ ಒತ್ತಿ ಗುಡ್ಡೆಯಾದ ಒಣ ಕೆಸರು. ಪಶ್ಚಿಮಕ್ಕೆ ಬೆಟ್ಟ ಇರೋದ್ರಿಂದ ಚಳಿಗಾಲದಲ್ಲಿ ನೆರಳು ಬೇಗ ಬೀಳುತ್ತದೆ, ಸಂಜೆ ನಂಬಬೇಡಿ.

ನೆಲ ಒದ್ದೆಯಿದ್ದರೆ ಕಾಲಿಡಲೇಬಾರದು. ಹೆಜ್ಜೆ ವರ್ಷಗಟ್ಟಲೆ ಉಳಿಯುತ್ತದೆ. ಅಂದರೆ ಕಲ್ಲು ಸರಿಯುವ ದಿನ ನಿಮಗೆ ಬಯಲಿಗೆ ಇಳಿಯುವಂತಿಲ್ಲ! 2016ರಲ್ಲಿ ಯಾರೋ ಪ್ಲಾಯಾ ಮೇಲೇ ಗಾಡಿ ಓಡಿಸಿ ಮೈಲುಗಟ್ಟಲೆ ಗಾಯ ಮಾಡಿದ್ದರು. ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಲ್ಲಿ ರಸ್ತೆ ಸ್ಥಿತಿ ನೋಡಿ.

ಅಡುಗೆಮನೆ ಲ್ಯಾಬ್: ಮಗಳಿಗೆ ಇದನ್ನು ಮಾಡಿ ತೋರಿಸಿ, ರಾಲ್ಫ್ ಲೊರೆಂಜ್ ಎಂಬ ವಿಜ್ಞಾನಿಯ ಉಪಾಯ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಣ್ಣ ಕಲ್ಲಿಟ್ಟು, ಅದರ ತಲೆ ಮಾತ್ರ ಹೊರಗಿರುವಂತೆ ನೀರು ಹಾಕಿ ಫ್ರೀಜರಿಗೆ. ಗಟ್ಟಿಯಾದ ಮೇಲೆ ತಟ್ಟೆಯಲ್ಲಿ ಮರಳು ಹರಡಿ, ನೀರು ತುಂಬಿ, ಐಸನ್ನು ಬೋರಲಾಗಿ ತೇಲಿಬಿಡಿ. ಕಲ್ಲು ಮರಳಿಗೆ ಬರೀ ತಾಗಬೇಕು. ಮೆಲ್ಲಗೆ ಊದಿದರೆ ಗೀರು ಬೀಳುತ್ತದೆ. ನೀರು ಹೆಚ್ಚಾದರೆ ಗೀರೇ ಇಲ್ಲ, ಕಮ್ಮಿಯಾದರೆ ಐಸ್ ಕೂತುಬಿಡುತ್ತದೆ.

ಬಿಸಿಲ್ಗುದುರೆ: ಆಟ ಚೆನ್ನಾಗಿದೆ, ಆದರೆ ಇದರಲ್ಲಿ ಐಸ್ ಕಲ್ಲನ್ನು ಎತ್ತಿ ಹಿಡಿಯುತ್ತದೆ. 2013ರಲ್ಲಿ ಕಂಡದ್ದು ಹಾಗಲ್ಲ. ಅಷ್ಟು ತೆಳು ಐಸಿಗೆ ಕಲ್ಲೆತ್ತುವ ತಾಕತ್ತಿಲ್ಲ, ಹಿಂದಿನಿಂದ ನೂಕಿತು ಅಷ್ಟೆ. ಮಗಳಿಗೆ ಆ ವ್ಯತ್ಯಾಸವನ್ನೂ ಹೇಳಿ, ಎಂಟು ವರ್ಷಕ್ಕೆ ಅರ್ಥವಾಗುತ್ತದೆ.