ಅಪ್‌ಡೇಟ್: ರೋಬೋ ಕಾರಿನ ಕ್ಯಾಮೆರಾ ಬೋರ್ಡ್‌ಗೆ ಕೊನೆಗೂ ಜೀವ ಬಂತು

ಹೋದ ವಾರ ಕೇಳಿದ್ದೆನಲ್ಲ, ಇಎಸ್‌ಪಿ32-ಕ್ಯಾಮ್ (ವೈಫೈ, ಕ್ಯಾಮೆರಾ ಎರಡೂ ಇರುವ ಪುಟ್ಟ ಬೋರ್ಡ್) ಬೋರ್ಡ್‌ಗೆ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಕಂಪ್ಯೂಟರ್‌ನಿಂದ ಹಾಕಲು ಹೋದರೆ 'ಕನೆಕ್ಟಿಂಗ್' ಅಂತ ಚುಕ್ಕಿ ಚುಕ್ಕಿ ಬಂದು ಅಲ್ಲೇ ನಿಲ್ಲುತ್ತಿದೆ ಅಂತ? ಸರಿಹೋಯಿತು.

ನಿಮ್ಮಲ್ಲಿ ಕೆಲವರು ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಇಳಿಸಿ ನೋಡಿ ಅಂದಿದ್ರಿ. 115200ಕ್ಕೆ ಇಳಿಸಿದೆ, ಏನೂ ಬದಲಾಗಲಿಲ್ಲ. ಯುಎಸ್‌ಬಿ ಕೇಬಲ್ ಬದಲಾಯಿಸಿದ್ದೂ ದಂಡ. ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ವೈರ್‌ಗಳು ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗುವಂತೆ ಮೊದಲೇ ಸರಿಯಾಗೇ ಇದ್ದವು.

ಕೆಲಸ ಮಾಡಿದ್ದು ಐಒ0 ಪಿನ್ನನ್ನು ಗ್ರೌಂಡ್‌ಗೆ ಸೇರಿಸಿ, *ಆಮೇಲೆ* ರೀಸೆಟ್ ಒತ್ತಿ ಅಂದವರ ಸಲಹೆ. ನಾನು ಜಂಪರ್ (ಎರಡು ಪಿನ್ ಸೇರಿಸುವ ತುಂಡು ವೈರ್) ಹಾಕಿದ್ದೆ, ರೀಸೆಟ್ ಮಾತ್ರ ಒತ್ತಿರಲಿಲ್ಲ. ಆ ಪಿನ್ ಗ್ರೌಂಡ್‌ಗೆ ಸೇರಿದ್ದರೆ ಚಿಪ್ ಫರ್ಮ್‌ವೇರ್ ತೆಗೆದುಕೊಳ್ಳಲು ತಯಾರಾಗುತ್ತದೆ, ಆದರೆ ಅದನ್ನು ನೋಡುವುದು ಆನ್ ಅಥವಾ ರೀಸೆಟ್ ಆಗುವ ಕ್ಷಣದಲ್ಲಿ ಮಾತ್ರವಂತೆ. ನನ್ನ ಬೋರ್ಡ್‌ನಲ್ಲಿ ರೀಸೆಟ್ ಬಟನ್ ಇರುವುದು ಅಡಿಭಾಗದಲ್ಲಿ. ಬ್ರೆಡ್‌ಬೋರ್ಡ್‌ಗೆ (ಬೆಸುಗೆಯಿಲ್ಲದೆ ಜೋಡಿಸುವ ತೂತಿನ ಹಲಗೆ) ಚುಚ್ಚಿದ ಮೇಲೆ ಬೆರಳೇ ಹೋಗಲ್ಲ! ಕಿತ್ತು, ಜಂಪರ್ ವೈರಲ್ಲೇ ಜೋಡಿಸಿ, ಉಗುರಲ್ಲಿ ಒತ್ತಿದೆ. ತಕ್ಷಣ ಫರ್ಮ್‌ವೇರ್ ಎಷ್ಟು ಹೋಯಿತು ಅನ್ನುವ ಶೇಕಡಾವಾರು ಓಡತೊಡಗಿತು.

ಅಷ್ಟಾದರೂ ಕ್ಯಾಮೆರಾ ಮಾತ್ರ ಇಲ್ಲ. ಜಂಪರ್ ತೆಗೆಯುವುದು ಮರೆತಿದ್ದೆ ನೋಡಿ. ತಮಾಷೆಯೆಂದರೆ, ಈ ಬೋರ್ಡ್‌ನಲ್ಲಿ ಕ್ಯಾಮೆರಾ ನಡೆಯಲು ಬೇಕಾದ ಕ್ಲಾಕ್ (ತಾಳದ ಸಿಗ್ನಲ್) ಹೋಗುವುದೂ ಅದೇ ಐಒ0 ಪಿನ್‌ನಿಂದ. ತೆಗೆದು ರೀಸೆಟ್ ಮಾಡಿದೆ. ಆಗ ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಸಂದೇಶ ತೋರಿಸುವ ಕಂಪ್ಯೂಟರ್ ವಿಂಡೋ) 'ಬ್ರೌನ್‌ಔಟ್', ಅಂದರೆ ವೋಲ್ಟೇಜ್ ಕುಸಿದಿದೆ, ಅಂತ ಬಂದು ಮತ್ತೆ ಮತ್ತೆ ರೀಸ್ಟಾರ್ಟ್. ವೈಫೈ ಶುರುವಾದಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, 3.3 ವೋಲ್ಟ್ ಪಿನ್ ಬಿಟ್ಟು 5 ವೋಲ್ಟ್ ಪಿನ್‌ಗೆ ಬೇರೆ ಸಪ್ಲೈ ಕೊಡಿ ಅಂದವರಿಗೆ ಡಬಲ್ ಥ್ಯಾಂಕ್ಸ್. ಆ ಸಪ್ಲೈ ಮತ್ತು ಕಂಪ್ಯೂಟರ್ ಕಡೆಯ ಕನೆಕ್ಷನ್, ಎರಡಕ್ಕೂ ಗ್ರೌಂಡ್ ಒಂದೇ ಇರಬೇಕು, ಅದನ್ನು ಮರೀಬೇಡಿ.

ಈಗ ಕಾರು ಸೋಫಾ ಅಡಿ ನುಗ್ಗಿ ವಿಡಿಯೋ ಕಳಿಸುತ್ತಿದೆ. ಧೂಳು ಮಾತ್ರ ಕಾಣ್ತಿದೆ.